ತೊಗಲಿನ ಹದ, ನೀರಿನ ಹದ

ಸತ್ತದ್ದು ಕೊಳೆಯುತ್ತದೆ. ದನವಾಗಲಿ, ಮನುಷ್ಯನಾಗಲಿ, ಗಿಡದಿಂದ ಕಿತ್ತ ಎಲೆಯಾಗಲಿ, ಜೀವ ಹೋದ ಗಳಿಗೆಯಿಂದಲೇ ಕೊಳೆಯುವುದು ಶುರು. ಕೊಳೆಯುವುದನ್ನು ತಡೆದು ನಿಲ್ಲಿಸುವ ಕೆಲಸವನ್ನು ನಮ್ಮಲ್ಲಿ ಎರಡು ಕಡೆ ಮಾಡುತ್ತಾರೆ. ಒಂದು ಊರಾಚೆಯ ಕೇರಿಯಲ್ಲಿ. ಅಲ್ಲಿ ಅದಕ್ಕೆ ತೊಗಲು ಹದ ಮಾಡುವುದು ಅಂತ ಹೆಸರು, ಮಾಡಿದವನಿಗೆ ಹೊಲಸು ಅಂತ ಬಿರುದು. ಇನ್ನೊಂದು ಬೆಂಗಳೂರಿನಂಥ ಊರುಗಳ ತಣ್ಣನೆಯ ಕೋಣೆಗಳಲ್ಲಿ. ಅಲ್ಲಿ ಅದಕ್ಕೆ ಸ್ಯಾಂಪಲ್ ತಯಾರಿ ಅಂತ ಹೆಸರು, ಮಾಡಿದವನಿಗೆ ಸಂಬಳ, ಮಾಡಿಸಿದವನಿಗೆ ಪ್ರಶಸ್ತಿ. ನಾನು ಹುಟ್ಟಿದ್ದು ಕೂಡ್ಲಿಗಿ ಸೀಮೆಯ ಒಂದು ಕೇರಿಯಲ್ಲಿ. ಅನ್ನ ತಿನ್ನುತ್ತಿರುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಜೀವಕೋಶದ ತುಣುಕುಗಳನ್ನು ಹೆಪ್ಪುಗಟ್ಟಿಸಿ ಕೊಡುವ ಕೆಲಸದಲ್ಲಿ. ಈ ಎರಡು ಜಾಗಗಳ ನಡುವಿನ ದಾರಿ ಎಷ್ಟು ಉದ್ದ, ಅದನ್ನು ಅಷ್ಟು ಉದ್ದ ಮಾಡಿದವರು ಯಾರು ಅನ್ನುವುದನ್ನು ಗೆಳೆಯರ ಮುಂದೆ ಇಡಬೇಕು ಅನ್ನಿಸಿತು.

ಮೊದಲು ಅಜ್ಜನ ಕೆಲಸ ಹೇಳುತ್ತೇನೆ. ಊರಲ್ಲಿ ದನ ಸತ್ತರೆ ಕೇರಿಗೆ ಹೇಳಿ ಕಳಿಸುತ್ತಿದ್ದರು. ಹೊತ್ತು ತಂದು, ಬಿಸಿಲು ಏರುವ ಮೊದಲು ಸುಲಿಯಬೇಕು. ಬಳ್ಳಾರಿ ಸೀಮೆಯ ಬಿಸಿಲು ಗೊತ್ತಲ್ಲ, ತಡವಾದರೆ ತೊಗಲು ಕೆಟ್ಟಿತು. ಸುಲಿದ ತೊಗಲಿಗೆ ಉಪ್ಪು ಸವರುವುದು. ಆಮೇಲೆ ಸುಣ್ಣದ ತೊಟ್ಟಿಯಲ್ಲಿ ದಿನಗಟ್ಟಲೆ ನೆನೆಹಾಕುವುದು, ಕೂದಲು ಸಡಿಲಾಗುವ ತನಕ. ಒಳಮೈಗೆ ಅಂಟಿದ ಮಾಂಸ, ಕೊಬ್ಬು ಹೆರೆಯುವುದು. ತೊಳೆದು ತೊಳೆದು ಸುಣ್ಣ ಬಿಡಿಸುವುದು. ಕೊನೆಗೆ ತಂಗಡಿ ಚಕ್ಕೆಯ ನೀರು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಬೀಳು ನೆಲದಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ ತಂಗಡಿ. ಅದರ ತೊಗಟೆ ಜಜ್ಜುವುದು ಅಜ್ಜಿಯ ಪಾಲು. ಜಜ್ಜಿ ನೀರಿಗೆ ಹಾಕಿದರೆ ಕೆಂಪನೆ ಒಗರು ನೀರು ಬರುತ್ತದೆ. ತೊಗಲನ್ನು ಮೊದಲು ತೆಳುನೀರಿಗೆ ಹಾಕಬೇಕು, ದಿನ ಕಳೆದಂತೆ ಗಟ್ಟಿನೀರಿಗೆ. ಮೊದಲೇ ಗಟ್ಟಿನೀರಿಗೆ ಹಾಕಿದರೆ ಮೇಲ್ಮೈ ಬಿಗಿದುಕೊಂಡು ಒಗರು ಒಳಗೆ ಇಳಿಯುವುದಿಲ್ಲ, ನಡುವೆ ಹಸಿ ಉಳಿದು ಅಲ್ಲೇ ಕೊಳೆಯುತ್ತದೆ. ಅಜ್ಜ ಅಂಚಿನಲ್ಲಿ ಒಂದು ಚೂರು ಕೊಯ್ದು ಬಣ್ಣ ನಡುವಿನ ತನಕ ಇಳಿದಿದೆಯೇ ಅಂತ ನೋಡುತ್ತಿದ್ದ. ಉಗುರು ಒತ್ತಿ ನೋಡುತ್ತಿದ್ದ. ಮೂಸಿ ನೋಡುತ್ತಿದ್ದ. "ಹದ ಬಂತು" ಅಂತ ಅವನು ಅಂದರೆ ಮುಗಿಯಿತು.

ಆ ತೊಗಲಿನಿಂದ ಊರಿನವರ ಕೆರ ಆಗುತ್ತಿತ್ತು, ಮಿಣಿ ಆಗುತ್ತಿತ್ತು, ಬಾರುಕೋಲು ಆಗುತ್ತಿತ್ತು, ಬಾವಿಯಿಂದ ನೀರೆತ್ತುವ ಕಪಿಲೆ ಬಾನಿ ಆಗುತ್ತಿತ್ತು. ಬಾನಿಯ ನೀರು ಕುಡಿದು ಬೆಳೆದ ಪೈರು ಮೈಲಿಗೆ ಆಗಲಿಲ್ಲ. ಬಾನಿ ಹೊಲಿದವನು ಆ ಬಾವಿಯ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ.

ನನಗೆ ಕೆಲಸ ಸಿಕ್ಕಿತು ಅಂತ ಹೇಳಲು ಹೋದಾಗ ಅಜ್ಜಿ ಕೇಳಿದಳು, "ಏನ್ ಕೆಲಸಲೇ ನಿಂದು?" ಹೇಗೆ ಹೇಳುವುದು? "ಜೀವದ ತುಣುಕನ್ನ ಕೊಳೀದಂಗ ಇಟ್ಟು, ತೆಳ್ಳಗ ಕೊಯ್ದು, ದೊಡ್ಡ ಮಶೀನಿನ್ಯಾಗ ನೋಡಾಕ ಕೊಡೋದು" ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಿಮ್ಮಜ್ಜನ ಕೆಲಸನೇ ಆತಲ್ಲೋ. ಅದಕ್ಕ ಇಷ್ಟೆಲ್ಲ ಓದಬೇಕಿತ್ತೇನು?" ಅಂದಳು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆಕೆಯ ಮಾತು ತಮಾಷೆ ಅಲ್ಲ, ಅದು ರಸಾಯನಶಾಸ್ತ್ರ.

ಹೇಗೆ ಅಂತ ನೋಡಿ. ಶಾಲೆಯ ಸೂಕ್ಷ್ಮದರ್ಶಕ ಬೆಳಕಿನಿಂದ ಕೆಲಸ ಮಾಡುತ್ತದೆ. ಬೆಳಕಿನ ಅಲೆಗಿಂತ ಬಹಳ ಚಿಕ್ಕದ್ದು ಅದಕ್ಕೆ ಕಾಣುವುದಿಲ್ಲ. ವೈರಸ್ ಕಾಣುವುದಿಲ್ಲ, ಪ್ರೋಟೀನ್ ಕಾಣುವುದಿಲ್ಲ. 1931ರಲ್ಲಿ ಜರ್ಮನಿಯ ರುಸ್ಕಾ ಮತ್ತು ನೋಲ್ ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಹಾಯಿಸುವ ಯಂತ್ರ ಕಟ್ಟಿದರು. ಇಂದಿನ 300 ಕಿಲೋವೋಲ್ಟ್‌ನ ಯಂತ್ರದಲ್ಲಿ ಎಲೆಕ್ಟ್ರಾನಿನ ಅಲೆ ಬೆಳಕಿನ ಅಲೆಗಿಂತ ಎರಡು ಲಕ್ಷ ಪಟ್ಟಿಗೂ ಹೆಚ್ಚು ಕಿರಿದು. ಆದರೆ ಎಲೆಕ್ಟ್ರಾನ್ ಗಾಳಿಯಲ್ಲಿ ಚದುರಿ ಹೋಗುತ್ತದೆ, ಅದಕ್ಕೆ ಯಂತ್ರದ ಒಳಗೆಲ್ಲ ನಿರ್ವಾತ. ನಿರ್ವಾತದಲ್ಲಿ ನೀರು ನಿಲ್ಲುವುದಿಲ್ಲ, ಆವಿಯಾಗಿ ಹಾರಿಬಿಡುತ್ತದೆ. ಜೀವ ಅಂದರೆ ಮುಕ್ಕಾಲು ಪಾಲು ನೀರೇ. ನೀರು ಹಾರಿದರೆ ಕೋಶ ಒಣದ್ರಾಕ್ಷಿಯಂತೆ ಮುದುಡುತ್ತದೆ. ಜೊತೆಗೆ ವಸ್ತು ತೆಳ್ಳಗಿರಬೇಕು, ಸುಮಾರು 100 ನ್ಯಾನೋಮೀಟರ್. ತಲೆಗೂದಲೊಂದನ್ನು ಉದ್ದಕ್ಕೆ ನೂರಾರು ಪದರ ಸೀಳಿದರೆ ಸಿಗುವ ಒಂದು ಪದರದಷ್ಟು.

ಇದಕ್ಕೆ ವಿಜ್ಞಾನಿಗಳು ಮೊದಲು ಕಂಡುಕೊಂಡ ಉಪಾಯ ಏನು? ಹದ ಮಾಡುವುದು! ಗ್ಲುಟರಾಲ್ಡಿಹೈಡ್ ಅನ್ನುವ ದ್ರವದಲ್ಲಿ ಅಂಗಾಂಶವನ್ನು ನೆನೆಹಾಕುತ್ತಾರೆ. ಅದು ಒಂದು ಪ್ರೋಟೀನಿನ ಎಳೆಯನ್ನು ಇನ್ನೊಂದಕ್ಕೆ ಬೆಸೆದು ಬಿಗಿಯುತ್ತದೆ. ಬಿಗಿದದ್ದು ಕೊಳೆಯುವುದಿಲ್ಲ, ಕುಸಿಯುವುದಿಲ್ಲ. ಆಮೇಲೆ ಆಲ್ಕೋಹಾಲಿನಿಂದ ನೀರು ತೆಗೆದು, ರಾಳ ತುಂಬಿ, ಗಟ್ಟಿ ಮಾಡಿ ಕೊಯ್ಯುತ್ತಾರೆ. ಸೂಕ್ಷ್ಮದರ್ಶಕದ ಕೋಣೆಗೆ ಗ್ಲುಟರಾಲ್ಡಿಹೈಡ್ ಬಂದದ್ದು 1963ರಲ್ಲಿ. ಚರ್ಮದ ಕಾರ್ಖಾನೆಗಳಲ್ಲಿ ತೊಗಲು ಹದ ಮಾಡಲೂ ಅದನ್ನೇ ಬಳಸುತ್ತಾರೆ. ಅಷ್ಟೇ ಅಲ್ಲ, ಕೆಲವು ಸ್ಯಾಂಪಲ್‌ಗಳಿಗೆ ಟ್ಯಾನಿಕ್ ಆಮ್ಲವನ್ನೂ ಹಾಕುತ್ತಾರೆ. ಅದು ಅಜ್ಜಿ ಜಜ್ಜುತ್ತಿದ್ದ ತಂಗಡಿ ಚಕ್ಕೆಯ ಒಗರಿನ ನೆಂಟ. ಬೆಸೆಯುವ ರೀತಿ ಒಂದೊಂದಕ್ಕೆ ಒಂದೊಂದು, ಆದರೆ ಕೆಲಸ ಒಂದೇ, ಪ್ರೋಟೀನನ್ನು ಕೊಳೆಯದಂತೆ ಕಟ್ಟುವುದು. ನಮ್ಮ ಕಡೆ ಹರಳಯ್ಯನ ಕಥೆ ಹೇಳದ ಭಾಷಣ ಇಲ್ಲ. ತನ್ನ ತೊಡೆಯ ತೊಗಲು ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಅಂತ ಕಣ್ಣೀರು ಸುರಿಸುತ್ತಾರೆ. ಆ ತೊಗಲನ್ನು ಅವನು ಹೇಗೆ ಹದ ಮಾಡಿದ ಅಂತ ಒಬ್ಬರೂ ಕೇಳಿದ್ದು ನಾನು ಕಾಣೆ. ಭಕ್ತಿಗೆ ಬೆಲೆ ಕೊಟ್ಟರು, ವಿದ್ಯೆಗೆ ಕೊಡಲಿಲ್ಲ.

ಹದ ಮಾಡುವುದರಲ್ಲೂ ಒಂದು ತೊಡಕಿದೆ. ಕೆರವನ್ನು ನೋಡಿ ಎತ್ತು ಬದುಕಿದ್ದಾಗ ಅದರ ಮೈ ಹೇಗಿತ್ತು ಅಂತ ಹೇಳಲಾಗದು. ಬಿಗಿದು, ಒಣಗಿಸಿ, ರಾಳ ತುಂಬಿದ ಕೋಶವೂ ಹಾಗೆಯೇ, ಅಷ್ಟಿಷ್ಟು ಆಕಾರ ಕೆಟ್ಟಿರುತ್ತದೆ. ನೀರನ್ನು ತೆಗೆಯದೆ, ನೀರಿನ ಜೊತೆಗೇ ಜೀವವನ್ನು ನಿಲ್ಲಿಸಲು ಆಗುವುದಿಲ್ಲವೇ? ಹೆಪ್ಪುಗಟ್ಟಿಸಿದರೆ ಆಯಿತಲ್ಲ ಅನ್ನಬಹುದು. ಹಡಗಲಿ ಮಲ್ಲಿಗೆಯ ನಾಲ್ಕು ಮೊಗ್ಗುಗಳನ್ನು ಫ್ರಿಜ್ಜಿನ ಐಸು ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ತೆಗೆದು ನೋಡಿ. ಐಸು ಬಿಡುತ್ತಿದ್ದಂತೆ ಮೊಗ್ಗು ಕಂದು ಬಣ್ಣಕ್ಕೆ ತಿರುಗಿ ಲೊಳಲೊಳ ಆಗುತ್ತದೆ. ನಿಧಾನವಾಗಿ ತಣ್ಣಗಾದ ನೀರು ಹರಳು ಕಟ್ಟುತ್ತದೆ. ಹರಳಿಗೆ ಮೊನೆ ಇದೆ, ಅದು ನೀರಿಗಿಂತ ಹೆಚ್ಚು ಜಾಗ ಕೇಳುತ್ತದೆ, ಕೋಶದ ಗೋಡೆಯನ್ನು ಒಳಗಿನಿಂದಲೇ ತಿವಿದು ಹರಿಯುತ್ತದೆ.

ಈ ಹರಳಿನ ಜೊತೆಗಿನ ಜಗಳ ನಮ್ಮ ರೈತರಿಗೆ ಹೊಸದಲ್ಲ. ಹಗರಿಬೊಮ್ಮನಹಳ್ಳಿಯಲ್ಲೋ ಹಡಗಲಿಯಲ್ಲೋ ಪಶು ಆಸ್ಪತ್ರೆಗೆ ಎಮ್ಮೆ ಹೊಡೆದುಕೊಂಡು ಹೋದವರು ಅಲ್ಲಿನ ಅಲ್ಯೂಮಿನಿಯಂ ಕ್ಯಾನನ್ನು ನೋಡಿರುತ್ತಾರೆ. ಮುಚ್ಚಳ ತೆಗೆದರೆ ಬಿಳಿ ಹೊಗೆ. ಅದು ಹೊಗೆ ಅಲ್ಲ, ಗಾಳಿಯ ತೇವ ತಣ್ಣಗಾಗಿ ಮಂಜಾದದ್ದು. ಒಳಗಿರುವುದು ದ್ರವ ಸಾರಜನಕ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಅದರಲ್ಲಿ ಅದ್ದಿಟ್ಟ ಕಡ್ಡಿಗಳಲ್ಲಿ ಹೋರಿಯ, ಕೋಣದ ವೀರ್ಯ. ಬೆಂಗಳೂರು ಪಕ್ಕದ ಹೆಸರಘಟ್ಟದಲ್ಲಿ ಇದನ್ನು ತಯಾರಿಸುವ ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಗ್ಲಿಸರಿನ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿಯೂ ಬದುಕುತ್ತವೆ ಅಂತ ತೋರಿಸಿದರು. ಗ್ಲಿಸರಿನ್ ನೀರಿನ ಕಣಗಳ ನಡುವೆ ಸೇರಿಕೊಂಡು ದೊಡ್ಡ ಹರಳು ಕಟ್ಟಲು ಬಿಡುವುದಿಲ್ಲ.

ಸೂಕ್ಷ್ಮದರ್ಶಕಕ್ಕೆ ಇನ್ನೂ ಕಠಿಣವಾದದ್ದು ಬೇಕು. ಒಂದು ಹರಳೂ ಇರಬಾರದು. ನೀರು ಹರಳಾಗುವ ಮೊದಲೇ, ಕಣಗಳು ಸಾಲುಗಟ್ಟಿ ನಿಲ್ಲಲು ಪುರುಸೊತ್ತು ಸಿಗದ ಹಾಗೆ, ಇದ್ದ ಇದ್ದ ಹಾಗೇ ನಿಂತುಬಿಡಬೇಕು. ಹಾಗೆ ನಿಂತ ನೀರು ಐಸಲ್ಲ, ಗಾಜು. ಕಿಟಕಿಯ ಗಾಜಿನಲ್ಲಿ ಹೇಗೆ ಹರಳಿಲ್ಲವೋ ಹಾಗೆ. ಅದಕ್ಕೆ ಸೆಕೆಂಡಿಗೆ ಲಕ್ಷ ಡಿಗ್ರಿಗೂ ಮಿಕ್ಕಿದ ವೇಗದಲ್ಲಿ ತಣ್ಣಗಾಗಿಸಬೇಕು.

ದ್ರವ ಸಾರಜನಕದಲ್ಲಿ ನೇರವಾಗಿ ಅದ್ದಿದರೆ ಆ ವೇಗ ಬರುವುದಿಲ್ಲ. ಯಾಕೆ ಅನ್ನುವುದಕ್ಕೆ ನಮ್ಮ ಅವ್ವಂದಿರ ಒಲೆಯೇ ಸಾಕ್ಷಿ. ರೊಟ್ಟಿ ಹಂಚು ಚೆನ್ನಾಗಿ ಕಾದಾಗ ಒಂದು ಹನಿ ನೀರು ಚಿಮುಕಿಸಿದರೆ ಅದು ತಕ್ಷಣ ಆರುವುದಿಲ್ಲ, ಗುಂಡಗಾಗಿ ಕುಣಿಯುತ್ತದೆ. ಹನಿಯ ಅಡಿಯಲ್ಲಿ ಹುಟ್ಟಿದ ಆವಿಯೇ ಹಾಸಿಗೆಯಾಗಿ ಅದನ್ನು ಹಂಚಿಗೆ ತಾಗದಂತೆ ಎತ್ತಿ ಹಿಡಿದಿರುತ್ತದೆ. ಸಾರಜನಕದ ಪಾಲಿಗೆ ನಮ್ಮ ಸ್ಯಾಂಪಲ್ಲೇ ಕಾದ ಹಂಚು. ಅದು ತಾಗಿದೊಡನೆ ಸಾರಜನಕ ಕುದಿದು ಸುತ್ತ ಆವಿಯ ಕಂಬಳಿ ಹೊದಿಸಿಬಿಡುತ್ತದೆ. ಆದ್ದರಿಂದ ಈಥೇನ್ ಅನಿಲವನ್ನು ಸಾರಜನಕದಿಂದ ತಣ್ಣಗೆ ಮಾಡಿ ದ್ರವವಾಗಿಸಿ, ಅದರಲ್ಲಿ ಅದ್ದುತ್ತಾರೆ. ಈಥೇನ್ ಸೊನ್ನೆಗಿಂತ 183 ಡಿಗ್ರಿ ಕೆಳಗಿನ ತನಕ ದ್ರವವಾಗಿರುತ್ತದೆ, ಕುದಿಯಬೇಕಾದರೆ 89 ಕೆಳಗಿನ ತನಕ ಏರಬೇಕು. ಹಾಗಾಗಿ ಕಂಬಳಿ ಹೊದಿಸದೆ ಒಮ್ಮೆಗೇ ಶಾಖ ಹೀರುತ್ತದೆ.

ದ್ರವ ನೀರನ್ನು ಗಾಜಾಗಿಸುವುದು ಆಗದ ಹೋಗದ ಮಾತು ಅಂತ ಬಹಳ ಜನ ನಂಬಿದ್ದರು. 1980ರಲ್ಲಿ ಆಸ್ಟ್ರಿಯಾದ ಬ್ರುಗೆಲರ್ ಮತ್ತು ಮೇಯರ್ ಆಗುತ್ತದೆ ಅಂದರು. 1981ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಜಾಕ್ ಡುಬೊಶೆ ಮತ್ತು ಅಲಾಸ್ಡೇರ್ ಮ್ಯಾಕ್‌ಡೊವಾಲ್ ಅದನ್ನು ಸೂಕ್ಷ್ಮದರ್ಶಕದ ಕೆಳಗೇ ತೋರಿಸಿದರು. 1984ರಲ್ಲಿ ಗಾಜಾದ ನೀರಿನಲ್ಲಿ ನಿಂತ ವೈರಸ್‌ಗಳ ಚಿತ್ರ ಬಂತು. ಬಣ್ಣ ಹಾಕಿಲ್ಲ, ಒಣಗಿಸಿಲ್ಲ, ಹದ ಮಾಡಿಲ್ಲ. ನೀರಲ್ಲಿ ಇದ್ದದ್ದು ಇದ್ದ ಹಾಗೆ!

ಇನ್ನು ನನ್ನ ಕೈಕೆಲಸ. ತಾಮ್ರದ ಒಂದು ಬಿಲ್ಲೆ ಇರುತ್ತದೆ, ಗ್ರಿಡ್ ಅಂತಾರೆ, ಅಡ್ಡಳತೆ 3 ಮಿಲಿಮೀಟರ್. ಅದರ ಮೇಲೆ ತೂತು ತೂತಾದ ಇಂಗಾಲದ ಪೊರೆ. ಮೊದಲು ಅದಕ್ಕೆ ವಿದ್ಯುತ್ತಿನ ಹೊಳಪು ಹಾಯಿಸಿ, ನೀರು ಹನಿಗಟ್ಟಿ ನಿಲ್ಲದೆ ಹರಡಿಕೊಳ್ಳುವಂತೆ ಮಾಡಬೇಕು. ಚಿಮುಟದಲ್ಲಿ ಹಿಡಿದು, ಮೂರು ಮೈಕ್ರೋಲೀಟರ್ ದ್ರವ ಹಾಕಿ, ಸೋಸುಕಾಗದ ತಾಗಿಸಿ ಹೆಚ್ಚಿನದನ್ನು ಹೀರಿಸಬೇಕು. ಹೀರಿಸುವುದು ಕೆಲವೇ ಸೆಕೆಂಡು. ಕಡಿಮೆ ಹೀರಿಸಿದರೆ ನೀರು ದಪ್ಪ, ಎಲೆಕ್ಟ್ರಾನ್ ದಾಟದು. ಹೆಚ್ಚು ಹೀರಿಸಿದರೆ ಒಣಗಿಹೋಗುತ್ತದೆ. ತಕ್ಷಣ ಈಥೇನಿಗೆ ಇಳಿಸಬೇಕು. ಅಲ್ಲಿಂದ ಸಾರಜನಕದೊಳಗೆ, ಸಾರಜನಕದಿಂದ ಯಂತ್ರಕ್ಕೆ. ನಡುವೆ ಸೊನ್ನೆಗಿಂತ ಸುಮಾರು 140 ಡಿಗ್ರಿ ಕೆಳಗಿನ ಗೆರೆ ದಾಟಿ ಮೇಲೆ ಬಂದರೆ ಗಾಜು ಮತ್ತೆ ಹರಳಾಗುತ್ತದೆ, ಅಲ್ಲಿಗೆ ದಿನವಿಡೀ ಮಾಡಿದ್ದು ನೀರುಪಾಲು. ಹೀರಿಸಿ ಇಳಿಸುವ ಯಂತ್ರಗಳು ಬಂದಿವೆ. ಆದರೂ ಯಾವ ಪ್ರೋಟೀನಿಗೆ ಎಷ್ಟು ಅನ್ನುವುದನ್ನು ಕೈಯೇ ಕಲಿಯಬೇಕು, ಕಣ್ಣೇ ಹೇಳಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಶಬ್ದ ಹುಡುಕಿದೆ, ಸಿಗಲಿಲ್ಲ. ನಮ್ಮಲ್ಲಿ ಇದೆ. ಹದ.

ಒಂದು ಹನಿಗೆ ಇಷ್ಟಾದರೆ, ಇಡೀ ಅಂಗಾಂಶದ ತುಣುಕಿಗೆ ಇನ್ನೊಂದು ವಿಧಾನ ಇದೆ. 1973ರಲ್ಲಿ ಕ್ಯಾಲಿಫೋರ್ನಿಯಾದ ಟೊಕುಯಾಸು ಹೇಳಿಕೊಟ್ಟದ್ದು. ತುಣುಕನ್ನು ಸ್ವಲ್ಪ ಹದ ಮಾಡಿ, ಸಕ್ಕರೆ ಪಾಕದಲ್ಲಿ ನೆನೆಸುತ್ತಾರೆ. ಲೀಟರಿಗೆ ಮುಕ್ಕಾಲು ಕಿಲೋಗೂ ಹೆಚ್ಚು ಸಕ್ಕರೆ! ಗ್ಲಿಸರಿನ್ ಮಾಡುವ ಕೆಲಸವನ್ನೇ ಇಲ್ಲಿ ಸಕ್ಕರೆ ಮಾಡುತ್ತದೆ. ಆಮೇಲೆ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಸೊನ್ನೆಗಿಂತ ಸುಮಾರು ನೂರು ಡಿಗ್ರಿ ಕೆಳಗಿನ ಪೆಟ್ಟಿಗೆಯೊಳಗೆ ಕೊಯ್ಯುತ್ತಾರೆ. ಕೊಯ್ಯುವುದು ವಜ್ರದ ಅಲಗಿನಿಂದ, ಇಲ್ಲವೇ ಆಗಷ್ಟೇ ಒಡೆದ ಗಾಜಿನ ಅಂಚಿನಿಂದ. ಗಾಜಿನ ಪಟ್ಟಿಗೆ ಗೀರು ಹಾಕಿ ಮುರಿದು ಅಲಗು ಮಾಡುವುದನ್ನು ನಾನೂ ಕಲಿತೆ. ಮುರಿದ ಅಂಚನ್ನು ಬೆಳಕಿಗೆ ಹಿಡಿದು ನೋಡುವಾಗ ಅಜ್ಜ ರಂಪಿಗೆಯನ್ನು ಕಲ್ಲಿಗೆ ಮಸೆದು ಬಿಸಿಲಿಗೆ ಹಿಡಿಯುತ್ತಿದ್ದುದು ನೆನಪಾಗುತ್ತದೆ. ಕೊಯ್ದ ಪದರ ಎಷ್ಟು ತೆಳು ಅಂದರೆ ಚಿಮುಟದಲ್ಲಿ ಹಿಡಿಯಲಾಗದು. ಅದನ್ನು ಸರಿಸಲು ಕಣ್ಣ ರೆಪ್ಪೆಯ ಒಂದು ಕೂದಲನ್ನು ಕಡ್ಡಿಯ ತುದಿಗೆ ಅಂಟಿಸಿಕೊಂಡಿರುತ್ತೇವೆ. ಕೋಟಿಗಟ್ಟಲೆ ಬೆಲೆಯ ಯಂತ್ರದ ಪಕ್ಕದಲ್ಲಿ ಇರುವ ಅತ್ಯಂತ ನಾಜೂಕಿನ ಸಾಧನ ಒಂದು ರೆಪ್ಪೆಗೂದಲು.

ಆ 1973 ನಮಗೂ ಮರೆಯಲಾಗದ ವರ್ಷ. ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು, ರಾಜ್ಯ ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಅವರು ಕುರ್ಚಿ ಬಿಡಬೇಕಾಯಿತು. ಆ ಬೆಂಕಿಯಲ್ಲಿ ನಮ್ಮ ಸಂಘಟನೆ ಹುಟ್ಟಿತು, ನಮ್ಮ ಸಾಹಿತ್ಯ ಹುಟ್ಟಿತು. ಕವಿತೆ ಬಂತು, ಕಥೆ ಬಂತು, ಹೋರಾಟದ ಹಾಡು ಬಂತು. ವಿಜ್ಞಾನದ ಬಾಗಿಲನ್ನು ಮಾತ್ರ ನಾವು ಅಷ್ಟೇ ಜೋರಾಗಿ ಬಡಿಯಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಪ್ರಯೋಗಾಲಯದಲ್ಲೂ ಮೈಲಿಗೆ ಇದೆ. ನಿಜವಾದ ಮೈಲಿಗೆ. ಹೆಪ್ಪುಗಟ್ಟಿದ ಗ್ರಿಡ್ಡಿನ ಮೇಲೆ ಉಸಿರು ತಾಗಿದರೆ ಸಾಕು, ಉಸಿರಿನ ತೇವ ಹರಳಾಗಿ ಅದರ ಮೇಲೆ ಕೂರುತ್ತದೆ, ಚಿತ್ರದಲ್ಲಿ ಕಪ್ಪು ಕಲೆಗಳು. ಅದಕ್ಕೇ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮುಖ ಆಚೆ ತಿರುಗಿಸಿ ಉಸಿರು ಬಿಡುತ್ತೇವೆ. ಮೊದಲ ಸಲ ಬಾಯಿ ಕಟ್ಟಿಕೊಳ್ಳುವಾಗ, ನೆರಳು ಬಿದ್ದರೆ, ಉಗುಳು ಬಿದ್ದರೆ ನೆಲ ಕೆಡುತ್ತದೆ ಅಂತ ನಮ್ಮ ಹಿರಿಯರ ಬಾಯಿ ಕಟ್ಟಿಸಿದ ಕಾಲ ಕಣ್ಣ ಮುಂದೆ ಬಂತು. ಆದರೆ ಇಲ್ಲಿನ ಮೈಲಿಗೆಗೆ ಜಾತಿ ಗೊತ್ತಿಲ್ಲ. ನೊಬೆಲ್ ಪಡೆದವನ ಉಸಿರೂ ಹರಳು ಕಟ್ಟುತ್ತದೆ, ನೆಲ ಒರೆಸುವ ತಾಯಿಯ ಉಸಿರೂ ಹರಳು ಕಟ್ಟುತ್ತದೆ. ಅಳೆದು ತೋರಿಸಬಹುದಾದ ಮೈಲಿಗೆ ಇದು. ಅಳೆಯಲಾಗದ ಆ ಇನ್ನೊಂದು ಮೈಲಿಗೆ ಈ ದೇಶದ ವಿಜ್ಞಾನಕ್ಕೆ ಏನು ಮಾಡಿತು?

ಸುಶ್ರುತ ಸಂಹಿತೆಯಲ್ಲಿ ಹೆಣವನ್ನು ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಹಾಕಿ, ಕುಂಚದಿಂದ ಪದರ ಪದರವಾಗಿ ಉಜ್ಜಿ ಒಳಗಿನದನ್ನು ನೋಡುವ ಕ್ರಮ ಇದೆ. ಅದೂ ಸ್ಯಾಂಪಲ್ ತಯಾರಿಯೇ. ಆಮೇಲೆ ಹೆಣ ಮುಟ್ಟಿದವನು ಅಶುದ್ಧ ಅನ್ನುವ ಶಾಸ್ತ್ರ ಬಲಿಯಿತು. ಆಚಾರ್ಯ ಪ್ರಫುಲ್ಲ ಚಂದ್ರ ರಾಯರು ಹಿಂದೂ ರಸಾಯನಶಾಸ್ತ್ರದ ಚರಿತ್ರೆ ಬರೆದರು. 1909ರ ಎರಡನೆಯ ಸಂಪುಟದಲ್ಲಿ ಅವರು ಇದನ್ನು ನೇರವಾಗಿ ಜಾತಿಯ ತಲೆಗೆ ಕಟ್ಟಿದರು. ಓದಿದವನು ಕೈಕೆಲಸ ಬಿಟ್ಟ, ಕೈಕೆಲಸ ಮಾಡಿದವನಿಗೆ ಓದು ಕೊಡಲಿಲ್ಲ, ವಿಜ್ಞಾನ ಸತ್ತಿತು ಅನ್ನುವುದು ಅವರ ವಾದದ ಸಾರ. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಮಧುಸೂದನ ಗುಪ್ತ ಎಂಬ ಪಂಡಿತರು ಹೆಣ ಕೊಯ್ದರು. ಅದೊಂದು ಕ್ರಾಂತಿ ಅಂತ ಕೋಟೆಯಿಂದ ತೋಪು ಹಾರಿಸಿದರು ಅಂತಲೂ ಹೇಳುತ್ತಾರೆ. ಅವರ ಧೈರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ದಿನ, ಅದರ ಹಿಂದಿನ ದಿನ, ಅದರ ಹಿಂದಿನ ಸಾವಿರ ವರ್ಷ, ಊರೂರಿನ ಆಚೆ ನಮ್ಮವರು ಸತ್ತ ದೇಹವನ್ನು ಬಿಚ್ಚುತ್ತಲೇ ಇದ್ದರು. ಯಾವ ನರ ಎಲ್ಲಿ, ಯಾವ ಪೊರೆ ಎಲ್ಲಿ ಬಿಡುತ್ತದೆ, ಕೈಗೆ ಗೊತ್ತಿತ್ತು. ತೋಪು ಹಾರಲಿಲ್ಲ. ಕೈಗೆ ಗೊತ್ತಿದ್ದದ್ದನ್ನು ಬರೆದಿಡಲು ಆ ಕೈಗೆ ಅಕ್ಷರ ಕೊಡಲಿಲ್ಲ.

ಇಲ್ಲೊಂದು ಎಚ್ಚರ ಬೇಕು. ನಾನು ಕುಲಕಸುಬನ್ನು ಹೊಗಳುತ್ತಿಲ್ಲ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ, ಈ ಹೀನ ಬಾಳು ಬಿಡಿ ಅಂತ ಕರೆ ಕೊಟ್ಟರು. ಎಂಬತ್ತರ ದಶಕದಲ್ಲಿ ಸಂಘಟನೆಯ ಹುಡುಗರು ನಮ್ಮ ಕೇರಿಗೂ ಬಂದು ಅದನ್ನೇ ಹೇಳಿದರು. ಅಪ್ಪ ಸತ್ತ ದನ ಹೊರುವುದನ್ನು ಬಿಟ್ಟ. ಊರಿನವರು ಕೂಲಿಗೆ ಕರೆಯುವುದನ್ನು ಬಿಟ್ಟರು. ಅಪ್ಪ ಕಲ್ಲು ಒಡೆದ, ಗೋಡೆ ಕಟ್ಟುವಲ್ಲಿ ಗಾರೆ ಹೊತ್ತ, ಮತ್ತೆ ದನ ಹೊರಲಿಲ್ಲ. ಅವನು ಬಿಟ್ಟದ್ದು ಸರಿ. ಬಿಡದವರ ಗತಿ ಏನಾಯಿತು ಅಂತ 2016ರ ಜುಲೈನಲ್ಲಿ ಗುಜರಾತಿನ ಊನಾ ತೋರಿಸಿತು. ಸತ್ತ ದನದ ತೊಗಲು ಸುಲಿದದ್ದಕ್ಕೆ ದಲಿತ ಹುಡುಗರನ್ನು ವಾಹನಕ್ಕೆ ಕಟ್ಟಿ, ಊರ ನಡುವೆ ಬಾರಿಸಿದರು. ಹೊರು ಅಂತ ಹೇಳುವವರೂ ಅವರೇ, ಹೊತ್ತರೆ ಹೊಡೆಯುವವರೂ ಅವರೇ. ನನ್ನ ಸಂಕಟ ಇಷ್ಟು: ಅಪ್ಪ ಬಿಟ್ಟದ್ದು ಅವಮಾನವನ್ನು, ಅದರ ಜೊತೆಗೆ ಅಜ್ಜನ ವಿದ್ಯೆಯೂ ಮಣ್ಣಾಯಿತು. ಬಿಡುಗಡೆಯ ಮೊದಲೇ ಯಾರಾದರೂ ಅದನ್ನು ವಿದ್ಯೆ ಅಂತ ಕರೆದಿದ್ದರೆ, ಅಪ್ಪ ಕಲ್ಲು ಒಡೆಯುವ ಬದಲು ಚರ್ಮ ತಂತ್ರಜ್ಞಾನವನ್ನೋ ರಸಾಯನಶಾಸ್ತ್ರವನ್ನೋ ಓದುತ್ತಿದ್ದನೇನೋ.

ಈಗಿನ ಪ್ರಯೋಗಾಲಯಗಳು ಈ ರೋಗದಿಂದ ಪೂರ್ತಿ ಪಾರಾಗಿವೆ ಅಂತ ಹೇಳಲಾರೆ. ದ್ರವ ಸಾರಜನಕದ ಡಬ್ಬಿ ತಳ್ಳಿಕೊಂಡು ಬರುವವರು ಸಾಮಾನ್ಯವಾಗಿ ಗುತ್ತಿಗೆಯ ಹುಡುಗರು. ಒಂದು ಲೀಟರ್ ಚೆಲ್ಲಿದರೆ ಸುಮಾರು ಏಳುನೂರು ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಆಚೆ ತಳ್ಳುತ್ತದೆ, ಬಣ್ಣ ಇಲ್ಲ, ವಾಸನೆ ಇಲ್ಲ, ಉಸಿರು ನಿಂತದ್ದೂ ಗೊತ್ತಾಗುವುದಿಲ್ಲ. ಡಬ್ಬಿಯ ಜೊತೆ ಲಿಫ್ಟಿನಲ್ಲಿ ಮನುಷ್ಯರು ಹೋಗಬಾರದು ಅನ್ನುವ ನಿಯಮವನ್ನು ಅವರ ಭಾಷೆಯಲ್ಲಿ ಅವರಿಗೆ ಹೇಳಬೇಕು. ಗ್ರಿಡ್ ಮಾಡಿದ ಕೈಯ ಹೆಸರು ಲೇಖನದ ಕೊನೆಯ ಕೃತಜ್ಞತೆಯ ಸಾಲಿಗೆ ಇಳಿಯುವುದು ಎಲ್ಲ ದೇಶಗಳಲ್ಲೂ ಉಂಟು. 2017ರಲ್ಲಿ ಈ ವಿದ್ಯೆಗೆ ರಸಾಯನಶಾಸ್ತ್ರದ ನೊಬೆಲ್ ಬಂದಾಗ ಡುಬೊಶೆ, ಫ್ರಾಂಕ್, ಹೆಂಡರ್ಸನ್ ಮೂವರಿಗೆ ಹಂಚಿದರು. 1981ರ ಲೇಖನದಲ್ಲಿ ಡುಬೊಶೆ ಪಕ್ಕದಲ್ಲಿದ್ದ ಮ್ಯಾಕ್‌ಡೊವಾಲ್ ಹೆಸರು ಆ ಪಟ್ಟಿಯಲ್ಲಿ ಇಲ್ಲ.

ಡುಬೊಶೆ ಬಗ್ಗೆ ಮೇಷ್ಟರುಗಳಿಗೆ ಒಂದು ಮಾತು ಹೇಳಬೇಕು. ಈ ಮನುಷ್ಯನಿಗೆ ಚಿಕ್ಕಂದಿನಲ್ಲಿ ಅಕ್ಷರ ಸರಿಯಾಗಿ ಕೂಡುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ತನ್ನ ಪ್ರಾಂತ್ಯದಲ್ಲಿ ಓದಿನ ತೊಂದರೆ ಉಳ್ಳವನು ಅಂತ ಅಧಿಕೃತವಾಗಿ ದಾಖಲಾದ ಮೊದಲ ಹುಡುಗ ತಾನೇ ಅಂತ ಅವರು ತಮ್ಮ ಪರಿಚಯದಲ್ಲಿ ಬರೆದುಕೊಂಡಿದ್ದಾರೆ. ನಮ್ಮ ಶಾಲೆಯಲ್ಲಾಗಿದ್ದರೆ ಹಿಂದಿನ ಸಾಲಿನಲ್ಲಿ ಕೂರಿಸಿ ದಡ್ಡ ಅನ್ನುತ್ತಿದ್ದರು. ಕೇರಿಯ ಹುಡುಗನಾಗಿದ್ದರೆ ದಡ್ಡತನಕ್ಕೆ ಜಾತಿಯನ್ನೂ ಸೇರಿಸುತ್ತಿದ್ದರು.

ಈ ವಿದ್ಯೆ ದೂರದ ದೇಶದ್ದು ಅಂತ ತಿಳಿಯಬೇಡಿ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇದೆ. ಅಲ್ಲಿನ ರಾಷ್ಟ್ರೀಯ ಕ್ರಯೋ ಸೂಕ್ಷ್ಮದರ್ಶಕ ಕೇಂದ್ರಕ್ಕೆ ದೇಶದ ಬೇರೆ ಬೇರೆ ಕಡೆಯಿಂದ ಹೆಪ್ಪುಗಟ್ಟಿಸಿದ ಸ್ಯಾಂಪಲ್ ಬರುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಯಂತ್ರ ಇದೆ. 2020ರ ಜನವರಿಯಲ್ಲಿ ಕೊರೊನಾ ವೈರಸ್ಸಿನ ಅನುವಂಶಿಕ ಬರಹ ಪ್ರಕಟವಾಯಿತು. ಫೆಬ್ರವರಿ ಮುಗಿಯುವ ಮೊದಲೇ ಅದರ ಮುಳ್ಳಿನ ಆಕಾರವನ್ನು ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ್ದು ಇದೇ ವಿಧಾನದಿಂದ, ನೀರನ್ನು ಗಾಜಾಗಿಸಿ. ಜಿಕೆವಿಕೆ ಮುಂದಿನ ರಸ್ತೆಗೆ ಹೆಸರು ಬಳ್ಳಾರಿ ರಸ್ತೆ! ರಸ್ತೆಗೆ ನಮ್ಮ ಸೀಮೆಯ ಹೆಸರಿದೆ, ನಮ್ಮ ಮಕ್ಕಳು ಅಲ್ಲಿಗೆ ಎಷ್ಟು ಜನ ತಲುಪಿದ್ದಾರೆ ಅಂತ ಬೆರಳು ಮಡಚಿ ಎಣಿಸಿ.

ತಲುಪದೇ ಇರುವುದಕ್ಕೆ ಕಾರಣ ಬುದ್ಧಿ ಅಲ್ಲ, ಬೀಗ. ನಾನು ಓದಿದ ಕಾಲೇಜಿನಲ್ಲಿ, ಹೆಸರು ಬೇಡ, ಸೂಕ್ಷ್ಮದರ್ಶಕಗಳು ಗಾಜಿನ ಅಲಮಾರಿಯಲ್ಲಿದ್ದವು. ಅಲಮಾರಿಗೆ ಬೀಗ. ತಪಾಸಣೆಯ ದಿನ ಮಾತ್ರ ಹೊರಗೆ ಬರುತ್ತಿದ್ದವು. ಹಾಸ್ಟೆಲ್ ಹುಡುಗರು ನಾವು ಹತ್ತಿರ ಹೋದರೆ, "ಮುಟ್ಟಬೇಡ್ರೋ, ಒಡೆದ್ರೆ ಕಟ್ಟಿಕೊಡೋ ತಾಕತ್ತು ಐತೇನ್ರೋ ನಿಮಗೆ?" ಮುಟ್ಟಬೇಡ ಅನ್ನುವ ಮಾತನ್ನು ನಾವು ಎಲ್ಲೆಲ್ಲೂ ಕೇಳಿದ್ದೆವು, ಇಲ್ಲಿಯೂ ಕೇಳಿದೆವು. ಚಿತ್ರ ನೋಡಿ ಚಿತ್ರ ಬರೆದು, ನೋಡದೇ ಇದ್ದ ಕೋಶಕ್ಕೆ ಹೆಸರು ಬರೆದು ಪಾಸಾದೆವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಆಮೇಲೆ ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ತಾಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆಗಳ ಬೋರ್ಡು ಬದಲಾಗುತ್ತವೆ. ಬೀಗಗಳೂ ಬದಲಾಗಬೇಕಲ್ಲ!

ಆದ್ದರಿಂದ ಹಳ್ಳಿಯ ಮೇಷ್ಟರುಗಳಲ್ಲಿ, ಅಕ್ಕಂದಿರಲ್ಲಿ ನನ್ನ ಕೇಳಿಕೆ ಬಹಳ ಸಣ್ಣದು. ಬೀಗ ತೆಗೆಯಿರಿ. ಸೂಕ್ಷ್ಮದರ್ಶಕ ಒಡೆದರೆ ಒಡೆಯಲಿ, ಅದು ಇರುವುದೇ ಮುಟ್ಟುವುದಕ್ಕೆ. ಇಲ್ಲದಿದ್ದರೆ 2014ರಲ್ಲಿ ಮನು ಪ್ರಕಾಶ್ ಮತ್ತು ಗೆಳೆಯರು ಮಾಡಿದ ಕಾಗದದ ಮಡಿಕೆ ಸೂಕ್ಷ್ಮದರ್ಶಕ, ಫೋಲ್ಡ್‌ಸ್ಕೋಪ್, ಅಗ್ಗಕ್ಕೆ ಸಿಗುತ್ತದೆ. ಈರುಳ್ಳಿಯ ಒಳಪೊರೆ ತೆಗೆದು ಎರಡು ಪಾಲು ಮಾಡಿಸಿ. ಒಂದನ್ನು ಹಾಗೇ ನೋಡಲಿ. ಇನ್ನೊಂದನ್ನು ಐಸು ಪೆಟ್ಟಿಗೆಯಲ್ಲಿಟ್ಟು, ಐಸು ಬಿಟ್ಟ ಮೇಲೆ ನೋಡಲಿ. ಹರಳು ಏನು ಮಾಡಿತು ಅಂತ ಮಕ್ಕಳೇ ಹೇಳುತ್ತಾರೆ. ಪಶು ಆಸ್ಪತ್ರೆಯ ವೈದ್ಯರನ್ನು ಕೇಳಿ, ಆ ಕ್ಯಾನಿನ ಮುಚ್ಚಳ ದೂರದಿಂದ ತೆರೆದು ತೋರಿಸಲಿ. ಅಂಕಸಮುದ್ರದ ಕೆರೆಗೆ ಹಕ್ಕಿ ನೋಡಲು ಹೋದವರು ಒಂದು ಶೀಶೆ ನೀರು ತನ್ನಿ, ಆ ನೀರಲ್ಲೂ ಜೀವಗಳಿವೆ. ಕೇರಿಯಲ್ಲಿ ತೊಗಲು ಹದ ಮಾಡಿದ ಮುದುಕರು ಇನ್ನೂ ಒಬ್ಬಿಬ್ಬರು ಉಳಿದಿದ್ದರೆ ಅವರನ್ನು ಶಾಲೆಗೆ ಕರೆಯಿರಿ. ಕೆಳಗೆ ಕೂರಿಸಬೇಡಿ, ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂರಿಸಿ. ತೆಳುನೀರು ಮೊದಲು ಯಾಕೆ, ಗಟ್ಟಿನೀರು ಆಮೇಲೆ ಯಾಕೆ ಅಂತ ಮಕ್ಕಳು ಕೇಳಲಿ, ಅವರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಒಬ್ಬ ಹುಡುಗಿ ಆ ನೋಟುಬುಕ್ಕು ಹಿಡಿದುಕೊಂಡು ಬಳ್ಳಾರಿ ರಸ್ತೆಯ ತನಕ ಬಂದರೆ, ಚಿಮುಟ ಹಿಡಿಯುವುದನ್ನು ನಾನು ಕಲಿಸುತ್ತೇನೆ.